ಗದ್ದೆಮ್ಮನ ಬಾಟಲಿ

೧೯೫೪ನೇ ಇಸವಿ ಆಗಸ್ಟ್ ಎರಡನೇ ತಾರೀಖು, ಸೋಮವಾರ ಬೆಳಿಗ್ಗೆ. ಲಿಂಗಸುಗೂರು ಠಾಣೆಯ ಕಸ ಗುಡಿಸಿ ಇನ್ನೂ ನೀರು ಚಿಮುಕಿಸಿರಲಿಲ್ಲ, ಅಷ್ಟರಲ್ಲೇ ಡಾಕ್ಟರ್ ವೆಂಕೋಬರಾವ್ ಮೆಟ್ಟಿಲು ಹತ್ತಿ ಬಂದರು. ಒಂದು ಕಾಲಲ್ಲಿ ತಮ್ಮ ಚಪ್ಪಲಿ, ಇನ್ನೊಂದರಲ್ಲಿ ಯಾರದೋ ಚಪ್ಪಲಿ. ಊರ ಧರ್ಮಾರ್ಥ ದವಾಖಾನೆಗೆ ಬಂದು ಮೂರು ವರ್ಷವಾದರೂ ಯಾರ ಮೇಲೂ ದನಿ ಏರಿಸದ ಸಾಧು ಮನುಷ್ಯ. ಅವತ್ತು ಕುರ್ಚಿ ಎಳೆದರೆ ಕೂಡಲಿಲ್ಲ, ನೀರು ಕೊಟ್ಟರೆ ಕುಡಿಯಲಿಲ್ಲ. ತಮ್ಮ ಪ್ರಯೋಗದ ಕೋಣೆಯಿಂದ ಒಂದು ಬಾಟಲಿ ಕಳುವಾಗಿದೆ, ಈಗಿಂದೀಗಲೇ ಹುಡುಕಬೇಕು, ತಡವಾದರೆ ಅದು ಸತ್ತುಹೋಗುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು.

ಫಿರ್ಯಾದು ಬರೆದುಕೊಳ್ಳಲು ಕೂತಿದ್ದ ಜಮಾದಾರ ಕರೀಂಸಾಬ್ ಟಾಕು ಕೆಳಗಿಟ್ಟ. ನಿಜಾಮರ ಕಾಲದಿಂದ ನೌಕರಿ ಮಾಡಿದವನು. ಎತ್ತು, ಕುರಿ, ಹತ್ತಿ ಅಂಡಿಗೆ, ಚಿನ್ನದ ಬೋರಮಾಳ, ಒಮ್ಮೆ ಗುಡಿಯ ಗಂಟೆ, ಇಷ್ಟು ಬಗೆಯ ಕಳುವು ಕಂಡಿದ್ದ. ಕಳುವಾದ ಬಾಟಲಿ ಸಾಯುವುದನ್ನು ಮಾತ್ರ ಈ ಜನ್ಮದಲ್ಲಿ ಕೇಳಿರಲಿಲ್ಲ.

“ಬಾಟಲ್ಯಾಗ ಏನಿತ್ರಿ ಡಾಕ್ಟರ್ ಸಾಬ್?”

“ಜೀವ ಇತ್ತಪ್ಪ.”

ಕರೀಂಸಾಬ್ ತನ್ನ ಸಾಹೇಬರ ಕಡೆ ತಿರುಗಿದ. “ಹಂಗಾರ ಇದನ್ನ ಕಳವು ಅಂತ ಬರೀಲೋ, ಯಾರನ್ನೋ ಹೊತಗೊಂಡು ಹೋದ್ರು ಅಂತ ಬರೀಲೋ?”

ಸಾಹೇಬರೆಂದರೆ ಸಬ್ ಇನ್‌ಸ್ಪೆಕ್ಟರ್ ಬಸವಂತರಾಯರು. ಆಗಿನ್ನೂ ಜನ ಆ ಹುದ್ದೆಗೆ ಹಳೆಯ ರೂಢಿಯಂತೆ ಅಮೀನರು ಎನ್ನುತ್ತಿದ್ದರು. ಬಸವಂತರಾಯರು ನಗುವ ಪೈಕಿಯಲ್ಲ. ಎದ್ದು ಬಂದು ಡಾಕ್ಟರರ ಹೆಗಲು ಹಿಡಿದು ಕೂರಿಸಿ, ಮೊದಲಿನಿಂದ ಹೇಳಿರಿ ಎಂದರು.

ಡಾಕ್ಟರು ಹೇಳಿದ್ದು ಇಷ್ಟು. ಇಟ್ಟಿಗೆ ಇಟ್ಟಿಗೆ ಸೇರಿ ಗೋಡೆಯಾದ ಹಾಗೆ ನಮ್ಮ ಮೈ ಕಣ್ಣಿಗೆ ಕಾಣದ ಸಣ್ಣ ಜೀವಕಣಗಳಿಂದ ಆದದ್ದು. ಕ್ಯಾನ್ಸರ್ ಆದವರ ಗಡ್ಡೆಯಿಂದ ಒಂದು ಚೂರು ತೆಗೆದು, ಮೈಬಿಸಿಯಷ್ಟೇ ಬಿಸಿಯಲ್ಲಿಟ್ಟು, ರಕ್ತದ ತಿಳಿ ಉಣಿಸಿದರೆ ಆ ಕಣಗಳು ಮೈಯ ಹೊರಗೂ ಬದುಕುತ್ತವೆ, ಒಂದು ಎರಡಾಗುತ್ತವೆ. ಹಾಗೆ ಬದುಕಿದರೆ ಔಷಧಿಯನ್ನು ರೋಗಿಯ ಮೇಲೆ ಹಾಕಿ ನರಳಿಸಬೇಕಿಲ್ಲ, ರೋಗದ ಮೇಲೇ ಹಾಕಿ ನೋಡಬಹುದು. ಮುಂಬಯಿಯಲ್ಲಿ ಈ ವಿದ್ಯೆ ಕಲಿತು ಬಂದ ಅವರು ಇಲ್ಲಿ ಎಷ್ಟೋ ಜನರ ಚೂರು ಇಟ್ಟು ನೋಡಿದ್ದರು. ಎಲ್ಲವೂ ವಾರ ತುಂಬುವುದರೊಳಗೆ ಸತ್ತವು. ಒಂದೇ ಒಂದು ಮಾತ್ರ ಯುಗಾದಿಯಿಂದ ಈಚೆ ಬೆಳೆಯುತ್ತಲೇ ಇತ್ತು. ಬೇರೆ ಬಾಟಲಿಗೆ ಪಾಲು ಮಾಡಿಡಲು ಧೈರ್ಯ ಸಾಲದೆ, ಇವತ್ತು ನಾಳೆ ಎಂದು ತಡೆದಿದ್ದರು. ಹೋದ ವಾರ ಅದರ ಒಂದು ಹನಿಗೆ ಔಷಧಿ ಹಾಕಿದಾಗ ಕಣಗಳು ಮುದುಡಿದಂತೆ ಕಂಡಿತ್ತು, ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಬೇಕಿತ್ತು.

“ಅದೇ ಬ್ಯಾನಿ ಬಂದ ಇಬ್ಬರು ಹೆಣ್ಣುಮಕ್ಕಳು ಈಗಲೂ ವಾರ್ಡಿನ್ಯಾಗ ಮಲಗ್ಯಾರ ಅಮೀನ್ರ. ಆ ಬಾಟ್ಲಿ ಬದುಕಿದ್ರ ಅವರಿಗೇನಾರ ದಾರಿ ಸಿಗತಿತ್ತೇನೋ,” ಎಂದರು ಡಾಕ್ಟರು.

ಕರೀಂಸಾಬ್ ಮತ್ತೆ ಟಾಕು ಎತ್ತಿಕೊಂಡ. ದಂಡ ಸಂಹಿತೆಯ ೩೮೦ನೇ ಕಲಮಿನಂತೆ ಎಫ್‌ಐಆರ್ ದಾಖಲಾಯಿತು. ಕಳುವಾದ ಸ್ವತ್ತಿನ ಮಾಲೀಕರು ಯಾರು ಎಂದು ಕೇಳಿದಾಗ ಡಾಕ್ಟರು ಥಟ್ಟನೆ ನಾನೇ ಎಂದರು. ಆಮೇಲೆ ಯಾಕೋ ಕಿಟಕಿಯ ಕಡೆ ನೋಡತೊಡಗಿದರು. ಬಸವಂತರಾಯರು ಅದನ್ನು ಗಮನಿಸಿದರು.

ಸ್ಥಳದ ಪಂಚನಾಮೆಗೆ ದವಾಖಾನೆಯ ಎದುರಿನ ಕಿರಾಣಿ ಅಂಗಡಿಯ ಗೋಪಣ್ಣನನ್ನೂ ಮತ್ತೊಬ್ಬರನ್ನೂ ಪಂಚರಾಗಿ ಕರೆದರು. ಕೋಣೆ ದವಾಖಾನೆಯ ಹಿಂಬದಿಗೆ, ದಂಡಿನ ಕಾಲದ ಹಳೆಯ ಬಂಗಲೆಯೊಂದರಲ್ಲಿತ್ತು. ಗೋಡೆಗೆ ಒತ್ತಿ ಮರದ ಪೆಟ್ಟಿಗೆ, ಒಳಗೆಲ್ಲ ತಗಡಿನ ಹೊದಿಕೆ, ಕೆಳಗೆ ಸೀಮೆಎಣ್ಣೆಯ ದೀಪ. ಪೆಟ್ಟಿಗೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು, ದೀಪ ಎಷ್ಟು ಉರಿಯಬೇಕೋ ಅಷ್ಟೇ ಉರಿಯುತ್ತಿತ್ತು. ಮೇಜಿನ ಮೇಲೆ ಹಿತ್ತಾಳೆಯ ಸೂಕ್ಷ್ಮದರ್ಶಕ ಫಳಫಳ ಹೊಳೆಯುತ್ತಿತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಬೀಗ ಒಡೆದಿಲ್ಲ, ಸರಳು ಬಾಗಿಲ್ಲ. ಸಾಲಾಗಿ ಇಟ್ಟಿದ್ದ ಬಾಟಲಿಗಳಲ್ಲಿ ಒಂದು ಮಾತ್ರ ಇರಲಿಲ್ಲ. ಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆಯ ಗಂಟೊಂದು ಇತ್ತು.

ಅದು ಯಾರೋ ರೋಗಿ ಹಬ್ಬಕ್ಕೆಂದು ಕೊಟ್ಟು ಹೋದದ್ದಿರಬೇಕು, ಬಿಡಿ ಎಂದರು ಡಾಕ್ಟರು. ಬಸವಂತರಾಯರು ಬಿಡಲಿಲ್ಲ, ಬಿಚ್ಚಿಸಿದರು. ಎಳ್ಳು ಹಚ್ಚಿ ಬಡಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಳ್ಳುಂಡೆ, ಜೋಳದ ಅರಳು. ಗೋಪಣ್ಣನಿಗೆ ನಗು ತಡೆಯಲಿಲ್ಲ. ಕದಿಯಲು ಬಂದವನು ತನ್ನ ಬುತ್ತಿಯನ್ನೇ ಬಿಟ್ಟು ಹೋಗಿದ್ದಾನಲ್ಲ, ಇವನೆಂಥ ಕಳ್ಳ ಎಂದ.

ಬಸವಂತರಾಯರು ಗಂಟನ್ನು ನೋಡುತ್ತ ನಿಂತರು. ಶನಿವಾರವಷ್ಟೇ ಅವರ ಹೆಂಡತಿಯ ಅಣ್ಣ ಇಂಥದೇ ಗಂಟು ಹೊತ್ತು ಮಸ್ಕಿಯಿಂದ ಬಂದಿದ್ದ. ಅದನ್ನು ಇವರ ಕೈಗೆ ಕೊಟ್ಟು, ಹೆಂಡತಿಯನ್ನು ನಾಗರಪಂಚಮಿಗೆ ಕರೆದುಕೊಂಡು ಹೋಗಿದ್ದ. ಈ ಸೀಮೆಯಲ್ಲಿ ಎಷ್ಟೇ ಬಡವನಿರಲಿ, ಪಂಚಮಿಗೆ ತಂಗಿಯನ್ನು ಕರೆಯಲು ಹೋದವನು ಬರಿಗೈಲಿ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಬುತ್ತಿ ಕೊಡಬೇಕು, ಹೆಣ್ಣುಮಗಳನ್ನು ಕರೆದೊಯ್ಯಬೇಕು. ಇಲ್ಲಿ ಬುತ್ತಿ ಉಳಿದಿದೆ, ಹೋದದ್ದು ಬಾಟಲಿ ಎಂದುಕೊಂಡರು ಅಮೀನರು. ಪಂಚರನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

“ಆ ಬಾಟಲ್ಯಾಗಿನ ಜೀವ ಯಾರದು ಡಾಕ್ಟ್ರೇ?”

ಗುರುಗುಂಟಾದ ಗದ್ದೆಮ್ಮನದು ಎಂದರು ಡಾಕ್ಟರು. ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು. ಗಂಟಲಲ್ಲಿ ಗಡ್ಡೆಯಾಗಿ ಬಂದಿದ್ದಳು. ಬಂದಾಗಲೇ ಕೈಮೀರಿತ್ತು, ಕಾರಹುಣ್ಣಿಮೆಗೆ ಮುಂಚೆ ತೀರಿಕೊಂಡಳು. ಗಂಡನ ಮನೆಯವರು ಹೆಣ ಒಯ್ದು ಅವತ್ತೇ ಮಣ್ಣು ಮಾಡಿದರು. ತವರಿನವರು ಸಿಂಧನೂರು ತಾಲ್ಲೂಕಿನ ದಢೇಸುಗೂರಿನವರು. ಅವಳ ಅಣ್ಣ ಅಂಬಪ್ಪ ಅಲ್ಲಿ ತುಂಗಭದ್ರಾ ಕಾಲುವೆ ಕಡಿಯುವ ಕೂಲಿ. ಸಾವಿನ ಸುದ್ದಿ ಮುಟ್ಟಿ ಅವನು ಬರುವ ಹೊತ್ತಿಗೆ ವಾರ್ಡಿನ ಮಂಚ ಖಾಲಿ ಇತ್ತು. ಅವನು ಮಂಚದ ಕಾಲು ಹಿಡಿದು ಕೂತುಬಿಟ್ಟಿದ್ದ, ಎಷ್ಟು ಹೇಳಿದರೂ ಏಳಲಿಲ್ಲ.

“ನೋಡಾಕ ಆಗಲಿಲ್ಲ. ಕೈ ಹಿಡದು ಇಲ್ಲಿಗೆ ಕರಕೊಂಡು ಬಂದು ಬಾಟ್ಲಿ ತೋರಿಸಿದೆ. ನಿನ್ನ ತಂಗಿ ಪೂರಾ ಹೋಗಿಲ್ಲಪ್ಪ, ಇಲ್ಲಿ ಇನ್ನೂ ಅದಾಳ ಅಂತ ಹೇಳಿದೆ. ಸಮಾಧಾನಕ್ಕ ಹೇಳಿದೆ ಅಮೀನ್ರ.”

“ಬಾಟಲ್ಯಾಗ ಆಕಿ ಇದ್ಲೋ, ಆಕಿನ್ನ ಕೊಂದ ಗಡ್ಡಿ ಇತ್ತೋ?”

ಡಾಕ್ಟರು ಪೆಟ್ಟಿಗೆಯ ಬಾಗಿಲನ್ನು ಇನ್ನೊಮ್ಮೆ ಒತ್ತಿ ಮುಚ್ಚಿದರು. “ಗಡ್ಡಿ,” ಎಂದರು.

“ತಗೊಳ್ಳೋ ಮುಂದ ಆಕಿನ್ನ ಕೇಳಿದ್ರೇನು?”

“ಯಾರೂ ಕೇಳಂಗಿಲ್ಲರಿ. ಎಲ್ಲಾ ಕಡೆ ಹಂಗ ತಗೋತಾರ.”

ಬಸವಂತರಾಯರಿಗೆ ಅವರ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಓದಿದವರ ಒಂದು ಸವಿಮಾತು ಬಡವರ ಮನೆಯಲ್ಲಿ ಎಷ್ಟು ದಿನ ಉಳಿಯುತ್ತದೆ ಎಂಬುದು ಆಡಿದವರಿಗೆ ಗೊತ್ತಿರುವುದಿಲ್ಲ. ಆದರೆ ಬೈದರೆ ಬಾಟಲಿ ಸಿಕ್ಕುವುದಿಲ್ಲವಲ್ಲ. ದವಾಖಾನೆಯ ಆಯಾ ದಾವಲ್‌ಬೀಯನ್ನು ಕರೆಸಿದರು.

ದಾವಲ್‌ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಬಂದಳು. ಎಲ್ಲವನ್ನೂ ಒಪ್ಪಿಕೊಂಡಳು. ಅಂಬಪ್ಪ ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಬರುತ್ತಿದ್ದ, ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊರ ಸುದ್ದಿ, ಅವ್ವನ ಸುದ್ದಿ ಎಲ್ಲ ಹೇಳಿ ಎದ್ದು ಹೋಗುತ್ತಿದ್ದ. ದೀಪ ಯಾಕೆ, ಬಿಸಿ ಯಾಕೆ ಎಂದು ಕೇಳಿ ತಿಳಿದುಕೊಂಡಿದ್ದ. ನಿನ್ನೆ ಮಧ್ಯಾಹ್ನ ಗಂಟು ಹಿಡಿದು ಬಂದಾಗ ಡಾಕ್ಟರು ವಾರ್ಡಿನಲ್ಲಿದ್ದರು. ಬೀಗ ತೆಗೆದವಳು ತಾನೇ.

“ತಂಗಿನ್ನ ನೋಡಿ ಹೋಗ್ತೀನಿ ಅಂದ ಸಾಬ್. ಬ್ಯಾಡ ಅಂತ ಹ್ಯಾಂಗ ಅನ್ಲಿ?”

ಅವಳ ಹೇಳಿಕೆ ಬರೆದುಕೊಂಡು ಅಮೀನರು, ಡಾಕ್ಟರು, ಕರೀಂಸಾಬ್ ಮೂವರೂ ಮೋಟಾರು ಸ್ಟ್ಯಾಂಡಿಗೆ ನಡೆದರು. ಸಿಂಧನೂರಿನಿಂದ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಕಂಡಕ್ಟರ್ ಚಾಂದ್‌ಪಾಷಾ ಪ್ರಶ್ನೆ ಮುಗಿಯುವ ಮೊದಲೇ ಹಣೆ ಬಡಿದುಕೊಂಡ. ಅಯ್ಯೋ, ಆ ಎರಡು ಟಿಕೆಟಿನ ಮನುಷ್ಯನಾ ಎಂದ. ನಿನ್ನೆಯ ಬಸ್ಸಿನಲ್ಲಿ ಒಬ್ಬನೇ ಹತ್ತಿ ಎರಡು ಟಿಕೆಟು ಕೇಳಿದನಂತೆ. ಕಿಟಕಿಯ ಸೀಟಿನ ಮೇಲೆ ಹೊಸ ಕುಪ್ಪಸದ ಬಟ್ಟೆಯ ಕಣ ಹಾಸಿ, ಅದರ ಮೇಲೆ ಬಾಟಲಿ ಇಟ್ಟು, ತಾನು ಪಕ್ಕದಲ್ಲಿ ಕೂತನಂತೆ. ಹಬ್ಬದ ಗದ್ದಲ, ನಿಲ್ಲಲೂ ಜಾಗವಿಲ್ಲ. ಯಾರೋ ಆ ಸೀಟಿಗೆ ಕೈಹಾಕಿದರೆ, ಹೆಣ್ಣುಮಗಳು ಕೂತಿದ್ದಾಳೆ, ಸರಿಯಿರಿ ಎಂದನಂತೆ. ಕುಡಿದಿದ್ದಾನೆಂದು ಜನ ನಕ್ಕರು. ಮಸ್ಕಿ ದಾಟಿ ಗಾಳಿ ಜೋರಾದಾಗ ಬಾಟಲಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಆದರೂ ಸೀಟು ಬಿಡಲಿಲ್ಲ. ಆಕೆಯ ಟಿಕೆಟು ಇದೆಯಲ್ಲ ಎಂದ.

ಡಾಕ್ಟರು ಕಂಡಕ್ಟರನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಂಗಿಯ ಮೇಲೋ, ಮೈಗೆ ತಾಗಿಯೋ ಎಂದು ಕೇಳಿದರು. ಮೈಗೇ ತಾಗಿಸಿ, ಕೂಸಿನ ಹಾಗೆ ಎಂದ ಚಾಂದ್‌ಪಾಷಾ. ಡಾಕ್ಟರರ ಮುಖಕ್ಕೆ ಆಗ ಕಳೆ ಬಂತು. ಬಿಸಿ ಉಳಿಸಿದ್ದಾನೆ, ಬಿರಡೆ ತೆಗೆಯದಿದ್ದರೆ ಇನ್ನೂ ಆಸೆ ಇದೆ ಎಂದರು.

ಠಾಣೆಯ ಜೀಪು ರಿಪೇರಿಗೆಂದು ರಾಯಚೂರಿಗೆ ಹೋಗಿತ್ತು. ಆಗಲೇ ಹೊತ್ತು ಇಳಿದಿತ್ತು, ಅವತ್ತಿನ ಕೊನೆಯ ಬಸ್ಸು ಮಸ್ಕಿಯ ತನಕ ಮಾತ್ರ. ಮಂಗಳವಾರ ಮೊದಲ ಬಸ್ಸಿಗೆ ಬಸವಂತರಾಯರು, ಕರೀಂಸಾಬ್, ಡಾಕ್ಟರು ಹೊರಟರು. ಡಾಕ್ಟರು ಬಿಸಿನೀರಿನ ಫ್ಲಾಸ್ಕನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ದಾರಿಯ ಹಳ್ಳಿಹಳ್ಳಿಯಲ್ಲೂ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆಯುಟ್ಟು ಜೀಕುತ್ತಿದ್ದರು. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅಮೀನರ ಮಾವನ ಮನೆ ಕೂಗಳತೆಯಲ್ಲೇ ಇತ್ತು. ಅವರು ಇಳಿಯಲಿಲ್ಲ. ಸಿಂಧನೂರಿನಲ್ಲಿ ಕಾಲುವೆ ಕೆಲಸದ ಲಾರಿಯೊಂದು ಸಿಕ್ಕಿತು, ದಢೇಸುಗೂರು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು.

ಕೇರಿಯ ತುದಿಯ ಮನೆ. ಅಂಬಪ್ಪ ಕಟ್ಟೆಯ ಮೇಲೆ ಕೂತಿದ್ದ. ಮಣ್ಣು ಹೊತ್ತು ಹೊತ್ತು ಒಂದು ಹೆಗಲು ಇಳಿಬಿದ್ದ ಆಳು. ಖಾಕಿ ಕಂಡು ಎದ್ದು ನಿಂತ, ಓಡಲಿಲ್ಲ.

“ಅಂಬಪ್ಪ ಅಂದ್ರ ನೀನಾ?”

“ಹೌದ್ರಿ.”

“ದವಾಖಾನಿ ಬಾಟ್ಲಿ ಎಲ್ಲೈತಿ?”

“ತಂಗಿ ಒಳಗ ಅವ್ವನ ಹಂತ್ಯಾಕ ಅದಾಳ್ರಿ.”

“ಯಾರನ್ನ ಕೇಳಿ ತಂದಿ?”

“ಬುತ್ತಿ ಇಟ್ಟು ಬಂದೀನ್ರಿ. ನಾಳೆ ನಾನ ವಾಪಸ್ ಬಿಟ್ಟು ಬರಾವಿದ್ದೆ. ಕೊಟ್ಟ ಹೆಣ್ಣನ್ನ ತವರಾಗ ಇಟಗೊಳ್ಳಾಕ ಬರತೈತೇನ್ರಿ?”

ಕರೀಂಸಾಬ್ ಮುಖ ಆಚೆ ತಿರುಗಿಸಿದ. ಡಾಕ್ಟರು ಆಗಲೇ ಬಾಗಿ ಒಳಗೆ ಹೋಗಿದ್ದರು. ಬಸವಂತರಾಯರೂ ಹಿಂದೆಯೇ ಹೋದರು.

ಒಲೆಯ ಮಗ್ಗುಲಲ್ಲಿ ಅಂಬಪ್ಪನ ತಾಯಿ ಜೋಗಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಹಸಿರು ಕುಪ್ಪಸದ ಕಣ ಸುತ್ತಿದ ಬಾಟಲಿ. ಗಾಜಿಗೆ ಅರಿಶಿನ ಬಳಿದು ಕುಂಕುಮ ಇಟ್ಟಿದ್ದಳು. ಮೂಲೆಯಲ್ಲಿ ಮಣ್ಣಿನ ನಾಗಪ್ಪ. ಅದರ ಮೈಯೆಲ್ಲ ಹಾಲು. ಪಂಚಮಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರು ಹೇಳಿ, ಇದು ಅವರ ಪಾಲು, ಇದು ಇವರ ಪಾಲು ಎಂದು ಎರೆಯುವುದು ಪದ್ಧತಿ. ಜೋಗಮ್ಮ ಎಲ್ಲರ ಪಾಲನ್ನೂ ನಾಗಪ್ಪನಿಗೆ ಎರೆದಿದ್ದಳು. ಗದ್ದೆಮ್ಮನ ಪಾಲನ್ನು ಮಾತ್ರ ಅವಳಿಗೇ ಕುಡಿಸಿದ್ದಳು.

ಬಾಟಲಿ ಕಂಠದ ತನಕ ಬೆಳ್ಳಗಿತ್ತು.

ಡಾಕ್ಟರು ಅದನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದರು. ಬಿರಡೆ ತೆಗೆದು ಮೂಸಿದರು. ಹಾಲು ಹುಳಿಯಾಗಿತ್ತು. ಅಲ್ಲೇ ನೆಲದ ಮೇಲೆ ಕೂತರು. ಮೂರು ವರ್ಷದ ನಿದ್ದೆಗೆಟ್ಟ ದುಡಿಮೆ, ವಾರ್ಡಿನ ಆ ಇಬ್ಬರ ಸಣ್ಣ ಆಸೆ, ಎಲ್ಲವೂ ಒಂದು ಗಿಂಡಿ ಹಾಲಿನಲ್ಲಿ ಮುಳುಗಿಹೋಗಿತ್ತು. ಬಸವಂತರಾಯರಿಗೆ ಹೆದರಿಕೆಯಾಯಿತು. ಹೊಟ್ಟೆ ಉರಿದ ಮನುಷ್ಯ ಏನು ಬೇಕಾದರೂ ಅಂದಾನು. ಇದು ನಿನ್ನ ಮಗಳಲ್ಲ ಮುದುಕಿ, ನಿನ್ನ ಮಗಳನ್ನು ತಿಂದ ರೋಗ ಎಂದು ಈಗ ಒಂದು ಮಾತು ಆಡಿದರೆ ಈ ಹೆಂಗಸು ಮತ್ತೆ ಏಳುವುದಿಲ್ಲ. ತಡೆಯಬೇಕೆಂದು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಜೋಗಮ್ಮನೇ ಮಾತಾಡಿದಳು.

“ಡಾಕ್ಟರಪ್ಪಾ, ಸಾಯಾಗ ನನ್ನ ಮಗಳಿಗೆ ಗುಟುಕು ನೀರೂ ಇಳೀತಿದ್ದಿಲ್ಲಂತ. ನಿನ್ನೆ ಹಾಲು ಹಾಕೀನಿ. ಒಂದು ಹನಿನೂ ಹೊರಗ ಬರಲಿಲ್ಲ. ನೀವು ತಿಳಿದೋರು, ನೋಡಿ ಹೇಳ್ರಿ. ಗಂಟಲ ಬಿಟ್ಟೈತಲ್ರಿ? ಹಾಲು ಇಳದೈತಲ್ರಿ?”

ಒಲೆಯಲ್ಲಿ ಕೆಂಡ ಚಟಗುಟ್ಟಿತು. ಡಾಕ್ಟರು ಬಾಟಲಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದರು, ನಿಜವಾಗಿಯೂ ಪರೀಕ್ಷೆ ಮಾಡುವವರ ಹಾಗೆ. ಆಮೇಲೆ ಬಿರಡೆ ಹಾಕಿ, ಕಣ ಸುತ್ತಿ, ಎರಡೂ ಕೈಯಿಂದ ಅವಳ ಮಡಿಲಿಗೆ ಇಟ್ಟರು.

“ಇಳದೈತವ್ವ,” ಎಂದರು. “ಪೂರಾ ಕುಡದಾಳ.”

ಮುದುಕಿ ಕಣ್ಣು ಮುಚ್ಚಿ ಕೈ ಮುಗಿದಳು. ಸೊಸೆಯಂದಿರನ್ನು ಕೂಗಿ, ಬಂದವರಿಗೆ ಹೋಳಿಗೆ ಬಡಿಸಲು ಹೇಳಿದಳು.

ಡಾಕ್ಟರು ಹೊರಗೆ ಬಂದು ಫಿರ್ಯಾದು ಹಿಂದೆಗೆದುಕೊಳ್ಳುತ್ತೇನೆ ಎಂದರು. ಎಫ್‌ಐಆರ್ ಒಮ್ಮೆ ಆದ ಮೇಲೆ ಅದು ನಿಮ್ಮದೂ ಅಲ್ಲ, ನನ್ನದೂ ಅಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಹೇಳಿ ಎಂದರು ಬಸವಂತರಾಯರು. ಹೇಳುವಾಗ ತಮ್ಮ ನೌಕರಿಯ ಮೇಲೆ ಅವರಿಗೇ ಬೇಸರ ಬಂದಿತ್ತು. ಆದರೂ ಕೂಡಲೇ ಜಪ್ತಿ ಮಾಡಲಿಲ್ಲ. ಇಬ್ಬರು ಪಂಚರನ್ನು ಹುಡುಕಿ ತಾ ಎಂದು ಕರೀಂಸಾಬನನ್ನು ಕಳಿಸಿದರು. ಕರೀಂಸಾಬ್ ಬಹಳ ಅನುಭವದ ಮನುಷ್ಯ. ಸಣ್ಣ ಊರಿನಲ್ಲಿ ಇಬ್ಬರು ಪಂಚರನ್ನು ಹುಡುಕಲು ಇಳಿಹೊತ್ತಿನ ತನಕ ಸಮಯ ತೆಗೆದುಕೊಂಡ. ಅಷ್ಟರಲ್ಲಿ ಜೋಗಮ್ಮ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಬೇವಿನ ಮರದ ಜೋಕಾಲಿಯಲ್ಲಿ ಕೂತಳು. ಅಂಬಪ್ಪ ಹಿಂದೆ ನಿಂತು ಮೆಲ್ಲಗೆ ತೂಗಿದ. ಕೇರಿಯ ಹೆಂಗಸರು ಯಾರೂ ನಗಲಿಲ್ಲ. ಒಬ್ಬಳು ಹಾಡೆತ್ತಿದಳು, ಉಳಿದವರು ಸೊಲ್ಲು ಕೂಡಿಸಿದರು.

ಆಮೇಲೆ ಜಪ್ತಿ ಪಂಚನಾಮೆ ಆಯಿತು. ಜೋಗಮ್ಮ ಉಡಿ ತುಂಬುವ ಶಾಸ್ತ್ರದ ಅಕ್ಕಿ, ಎಲೆ, ಅಡಿಕೆಯನ್ನು ಆ ಕಣದ ಸೆರಗಿನಲ್ಲಿ ಕಟ್ಟಿ ಬಾಟಲಿಯನ್ನು ಅಮೀನರ ಕೈಗೆ ಕೊಟ್ಟಳು. ಜ್ವಾಕಿ, ಹುಷಾರಾಗಿ ಒಯ್ಯಿರಿ ಎಂದಳು. ಜಪ್ತಿಯಾದ ಮುದ್ದೆಮಾಲನ್ನು ಹೀಗೆ ಎದೆಗವಚಿ ಅವರು ಯಾವತ್ತೂ ಹಿಡಿದಿರಲಿಲ್ಲ. ಅಂಬಪ್ಪನ ದಸ್ತಗಿರಿ ಆದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಬೇಡಿ ಹಾಕಲಿಲ್ಲ.

ಹೇಳಿಕೆಯನ್ನು ಮರುದಿನ ಬೆಳಿಗ್ಗೆ ಸಿಂಧನೂರಿನಲ್ಲಿ ಬರೆಸಿಕೊಂಡರು. ತಂಗಿ ಸತ್ತದ್ದು ನಿನಗೆ ಗೊತ್ತಿಲ್ಲವೇ ಎಂದು ಕೇಳಿದಾಗ ಅಂಬಪ್ಪ ಗೊತ್ತು ಎಂದ. ಗುರುಗುಂಟಾಕ್ಕೆ ಹೋಗಿ ಅವಳನ್ನು ಮಣ್ಣು ಮಾಡಿದ ಜಾಗ ನೋಡಿ ಬಂದಿದ್ದನಂತೆ. ಹುಚ್ಚನಂತೂ ಅಲ್ಲ ಎಂದು ಡಾಕ್ಟರೇ ಹೇಳಿದರು. ಹಾಗಾದರೆ ಯಾಕೆ ಮಾಡಿದೆ ಎಂದು ಬಸವಂತರಾಯರು ಎರಡನೇ ಸಲ ಕೇಳಿದರು. ಅವನು ಅಂಗೈಯ ಬೊಬ್ಬೆಗಳನ್ನು ನೋಡಿಕೊಳ್ಳುತ್ತ ಕೂತ.

“ಹೋದ ವರ್ಷ ಪಂಚಮಿಗೆ ಕೆಲಸ ಜೋರಿತ್ರಿ. ಒಂದಿನಾ ಬಿಟ್ರ ಹಾಜರಿಯಾಗಿಂದ ಹೆಸರು ಹೊಡಿತೀವಿ ಅಂದ್ರು. ನಾ ಹೋಗಲಿಲ್ಲ. ಆಕಿ ತಲಿಗೆ ಎರಕೊಂಡು, ಹೊಸಾ ಕುಬುಸ ತೊಟ್ಟು, ಹೊಸ್ತಲ ಮ್ಯಾಲ ಕುಂತು ದಾರಿ ನೋಡ್ಯಾಳಂತ. ಹೊತ್ತು ಮುಣುಗಿದ್ರೂ ಎದ್ದಿಲ್ಲಂತ. ಸಾಯೋ ಮುಂಚೆ ಒಮ್ಮೆ ನೋಡಾಕ ಬಂದಾಗ ದವಾಖಾನ್ಯಾಗ ಮಾತು ನಿಂತಿತ್ತು ಆಕೀಗೆ. ಕೈಸನ್ನಿ ಮಾಡಿ ಅದನ್ನ ಕೇಳಿದ್ಲು, ಯಾಕ ಬರಲಿಲ್ಲ ಅಂತ.”

ಬಸವಂತರಾಯರು ಅಷ್ಟಕ್ಕೇ ಹೇಳಿಕೆ ಮುಗಿಸಿದರು.

ದೋಷಾರೋಪ ಪಟ್ಟಿ ಕಳಿಸುವಾಗ ಕೃತ್ಯಕ್ಕೆ ಕಾರಣ ಎಂಬ ಕಡೆ ಬಸವಂತರಾಯರ ಕೈ ಬಹಳ ಹೊತ್ತು ತಡೆಯಿತು. ಲಾಭದ ಆಸೆ, ವೈಷಮ್ಯ, ಅಜ್ಞಾನ, ಇವು ಠಾಣೆಯ ರೂಢಿಯ ಮಾತುಗಳು. ಯಾವುದನ್ನೂ ಬರೆಯಲು ಮನಸ್ಸು ಬರಲಿಲ್ಲ. ಕೊನೆಗೆ ಒಂದೇ ಸಾಲು ಬರೆದು ಸಹಿ ಹಾಕಿದರು: ‘ಆರೋಪಿಯು ಕಳೆದ ವರ್ಷ ತಂಗಿಯನ್ನು ಕರೆಯಲು ಹೋಗಿರಲಿಲ್ಲ.’